ಸಂಶೋಧನೆ ಎಂಬ ಕಾಲಂ

ಎಂ.ಡಿ. ಸೀಟಿನ ಅರ್ಜಿಯಲ್ಲಿ ಸಂಶೋಧನೆ ಎಂಬ ಕಾಲಂ ಇತ್ತು. ನಮ್ಮ ಆಸ್ಪತ್ರೆಯಿಂದ ಹಾವು ಕಚ್ಚಿದವರ ಬಗ್ಗೆ ನಡೆದ ಸಮೀಕ್ಷೆಯನ್ನು ನಾನೇ ಮಾಡಿದ್ದು ಎಂದು ಬರೆದುಕೊಂಡು, ಚಾಮರಾಜನಗರದ ಟೈಪಿಂಗ್ ಅಂಗಡಿಗೆ ಹೋದೆ.

ಟೈಪ್ ಮಾಡುತ್ತಿದ್ದ, ಪಕ್ಕದ ಉಡಿಗಾಲ ಹಳ್ಳಿಯ ಹೆಂಗಸು ಕೈ ನಿಲ್ಲಿಸಿದಳು. “ನಮ್ಮೂರಲ್ಲಿ ಮನೆಮನೆ ತಿರುಗಿ ಬರ್ಕಂಡೋದವ್ರು ನರ್ಸು ಪುಟ್ಟಮ್ಮೋರಲ್ವಾ ಸಾ?”

ಹೌದು. ನಾನು ಆಸ್ಪತ್ರೆಯಲ್ಲಿ ಕೂತು ಅಂಕಿ ಕೂಡಿಸಿದ್ದೆ, ಅಷ್ಟೆ. “ಅವರ ಹೆಸರು ಹಾಕಿ. ನಾನು ಸಹಾಯ ಮಾಡಿದೆ ಅಂತ ಬರೀರಿ,” ಅಂದೆ.

“ಸೀಟು ಸಿಗ್ದೋದ್ರೆ?”

“ಸಿಗದಿದ್ರೆ ಇಲ್ಲ.”

ಅವಳು ಹೊಸ ಹಾಳೆ ಹಾಕಿದಳು.

ಆ ವರ್ಷ ಸೀಟು ಸಿಗಲಿಲ್ಲ. ಗುಂಡ್ಲುಪೇಟೆಗೆ ವರ್ಗವಾಗಿದ್ದ ಪುಟ್ಟಮ್ಮನವರಿಗೆ ಅರ್ಜಿಯ ಪ್ರತಿ ತೋರಿಸಿದೆ. ಅವರು ನಿಧಾನವಾಗಿ ಓದಿ, “ನನ್ನ ಇನಿಷಿಯಲ್ ತಪ್ಪಾಗಿದೆ ಸಾರ್,” ಎಂದರು. ಎರಡು ವರ್ಷ ಜೊತೆಗೆ ದುಡಿದಿದ್ದೆವು. ಅವರ ಇನಿಷಿಯಲ್ ಏನೆಂದು ನಾನು ಕೇಳಿಯೇ ಇರಲಿಲ್ಲ.