ಅವ್ವನಿಗೆ ಹೇಳಿದ ಹಡಗಿನ ಹುಡುಗಿಯ ಕಥೆ

ಪುಸ್ತಕ ನನ್ನದಲ್ಲ, ಮಗಳದು. ಅವಳು ಓದಲು ಮ್ಯಾಂಚೆಸ್ಟರಿಗೆ ಹೋಗಿ ಫಾಲೋಫೀಲ್ಡಿನ ಬಾಡಿಗೆ ಮನೆ ಸೇರಿದಾಗ, ಶೆಫೀಲ್ಡಿನ ನಮ್ಮ ಮನೆಯಲ್ಲಿ ಬಿಟ್ಟುಹೋದ ರಾಶಿಯಲ್ಲಿ ಅದೂ ಇತ್ತು. ನೆಪೋಲಿಯನ್ ಕಾಲದ ಯುದ್ಧಗಳ ಕಥೆ. ಗಂಡುಡುಗೆ ತೊಟ್ಟು ಹಡಗು ಹತ್ತಿ, ಫ್ರೆಂಚರ ನೆಲದಲ್ಲಿ ಬೇಹುಗಾರಿಕೆ ಮಾಡುವ ಹತ್ತೊಂಬತ್ತರ ಹುಡುಗಿಯೊಬ್ಬಳ ಸಾಹಸಗಳು. ಇಂಥ ಪುಸ್ತಕಗಳು ನನಗೆ ಸೇರುವುದಿಲ್ಲ. ಮುಖಪುಟ ನೋಡಿಯೇ ಮೂಗು ಮುರಿದಿದ್ದೆ.

ಅದನ್ನು ಎತ್ತಿಕೊಂಡಿದ್ದು ಅವ್ವನ ಕಾಟಕ್ಕೆ. ಅಪ್ಪ ಹೋದಮೇಲೆ ಧಾರವಾಡದಿಂದ ಬಂದು ನಮ್ಮ ಜೊತೆ ಇದ್ದು ಅವಳಿಗೆ ಬಹಳ ವರ್ಷಗಳಾಗಿದ್ದವು. ಕಣ್ಣು ಮಂಜಾಗಿ ಓದುವುದು ನಿಂತಿತ್ತು. ಟಿವಿಯ ಸೀರಿಯಲ್ಲುಗಳ ಮೇಲೆ ಅವಳಿಗೆ ಬೇಸರ ಬಂದಿತ್ತು. “ಆ ಅತ್ತಿ ಸೊಸಿ ಜಗಳಾ ಸಾಕಾತು. ನೀನ ಏನರ ಓದಿ ಹೇಳು,” ಎಂದಳು. ಮನೆಯಲ್ಲಿದ್ದ ಕನ್ನಡ ಪುಸ್ತಕಗಳೆಲ್ಲ ಅವಳಿಗೆ ಬಾಯಿಪಾಠ. ಕೈಗೆ ಸಿಕ್ಕಿದ್ದು ಇದು. ಕಣ್ಣಿನಲ್ಲಿ ಇಂಗ್ಲಿಷ್ ಓದುತ್ತ, ಬಾಯಲ್ಲಿ ಕನ್ನಡ ಹೇಳುತ್ತ ಶುರುಮಾಡಿದೆ. ಸಾಯಂಕಾಲ ಅಡುಗೆಮನೆಯಲ್ಲಿ ಅವಳು ಬೆಳ್ಳುಳ್ಳಿ ಸುಲಿಯುತ್ತ ಕೂತಿರುತ್ತಿದ್ದಳು, ನಾನು ಎದುರಿಗೆ.

ಎರಡು ದಿನದಲ್ಲಿ ಅವ್ವನಿಗೆ ಹುಚ್ಚು ಹಿಡಿಯಿತು. ಆ ಹುಡುಗಿಯ ಅಪ್ಪ ಹಡಗಿನ ಕಪ್ತಾನ, ಫ್ರೆಂಚರ ಸೆರೆಯಲ್ಲಿದ್ದಾನೆ. ಅವನನ್ನು ಹುಡುಕಲೆಂದು ಇವಳು ಕೂದಲು ಕತ್ತರಿಸಿಕೊಂಡು ಯುದ್ಧದ ಹಡಗಿನಲ್ಲಿ ಕೆಲಸಕ್ಕೆ ಸೇರುತ್ತಾಳೆ. ಪಟದ ಕಂಬ ಹತ್ತುತ್ತಾಳೆ, ಬಿರುಗಾಳಿಯಲ್ಲಿ ಹಗ್ಗ ಬಿಗಿಯುತ್ತಾಳೆ, ತೋಪಿನ ಹೊಗೆಯಲ್ಲಿ ಗಾಯಾಳುಗಳನ್ನು ಹೊರುತ್ತಾಳೆ. ಅವ್ವನಿಗೆ ಅದಕ್ಕಿಂತ ಹೆಚ್ಚಿನ ಚಿಂತೆಗಳಿದ್ದವು.

“ಆಕಿ ಹೊಟ್ಟಿಗೇನ ತಿಂತಿದ್ಲು?”

ಒಣ ಬಿಸ್ಕತ್ತು, ಉಪ್ಪು ಹಾಕಿದ ಮಾಂಸ ಎಂದೆ.

“ಅಷ್ಟು ಗಂಡಸರ ನಡುವ, ತಿಂಗಳ ಹೊರಗಾದ್ರ ಏನ್ ಮಾಡತಿದ್ಲು?”

ಪುಸ್ತಕದಲ್ಲಿ ಅದರ ಮಾತೇ ಇರಲಿಲ್ಲ. ಅವ್ವ ಬೆಳ್ಳುಳ್ಳಿ ಸಿಪ್ಪೆ ಊದಿ, “ಬರದಂವ ಗಂಡಸು ಇರಬೇಕು ತಗೊ,” ಎಂದಳು. ನೋಡಿದೆ. ಗಂಡಸೇ.

ತೊಂದರೆ ಇದ್ದದ್ದು ಓದು ನಿಲ್ಲಿಸುವುದರಲ್ಲಿ. ಅವ್ವನ ತವರೂರಿನಲ್ಲಿ ಶ್ರಾವಣದಲ್ಲಿ ಮಠದೊಳಗೆ ಪುರಾಣ ಹಚ್ಚುತ್ತಿದ್ದರು. ಅಲ್ಲಿ ಒಂದು ಕಟ್ಟುನಿಟ್ಟು ಇತ್ತಂತೆ: ಕಥೆಯೊಳಗಿನವರು ಸಂಕಟದಲ್ಲಿರುವಾಗ ಆ ದಿನದ ಓದು ಮುಗಿಸುವಂತಿಲ್ಲ. ಕಾಡಿನಲ್ಲಿ ದಾರಿತಪ್ಪಿದವಳು ಒಂದು ಗುಡಿಸಲನ್ನಾದರೂ ಸೇರಬೇಕು, ಹಾವು ಕಚ್ಚಿದ ಮಗು ಕಣ್ಣು ತೆರೆಯಬೇಕು, ಆಮೇಲೆ ಮಂಗಳಾರತಿ. ಅವ್ವ ಅದನ್ನು ಈ ಇಂಗ್ಲಿಷ್ ಪುಸ್ತಕಕ್ಕೂ ಹಚ್ಚಿದಳು. “ತ್ರಾಸಿನಾಗ ಇದ್ದಾಕೀನ ಬಿಟ್ಟು ಹ್ಯಾಂಗ ಏಳ್ತೀ? ಮುಂದ ಹೇಳು.” ಆದರೆ ಪುಣ್ಯಾತ್ಮ ಲೇಖಕ ಪ್ರತಿ ಅಧ್ಯಾಯವನ್ನೂ ಹುಡುಗಿಯನ್ನು ಗಂಡಾಂತರದ ಬಾಯಿಗೆ ತಳ್ಳಿಯೇ ಮುಗಿಸುತ್ತಿದ್ದ. ನಾನು ಅಧ್ಯಾಯ ದಾಟಿ ಮುಂದಕ್ಕೆ ಹೋಗಿ, ಅವಳು ಪಾರಾಗಿ ಮತ್ತೆ ಸಿಕ್ಕಿಬೀಳುವ ಮೊದಲು ಸಿಗುವ ಒಂದು ಸಣ್ಣ ಸಂದಿಯಲ್ಲಿ ಟಪ್ಪನೆ ಪುಸ್ತಕ ಮುಚ್ಚಬೇಕಿತ್ತು. ಎಷ್ಟೋ ದಿನ ಅನ್ನ ತಳ ಹತ್ತಿತು.

ಹುಡುಗಿ ಫ್ರಾನ್ಸಿನ ಬಂದರೊಂದರಲ್ಲಿ ಇಳಿದು, ನೌಕಾಪಡೆಯ ಅಧಿಕಾರಿಯೊಬ್ಬನ ಮನೆಯಲ್ಲಿ ಹೊಲಿಗೆಯವಳಾಗಿ ಸೇರಿದ ಹೊತ್ತಿಗೆ ಅವ್ವನಿಗೆ ಸ್ಟ್ರೋಕ್ ಆಯಿತು. ಬೆಳಿಗ್ಗೆ ಚಹಾ ಲೋಟ ಕೈಜಾರಿತು, ಬಲಗಡೆ ಪೂರ್ತಿ ಬಿದ್ದುಹೋಯಿತು. ಮಾತೂ ಹೋಯಿತು. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಬಾಯಿಂದ ಈಗ ‘ಆ’ ಎಂಬ ಒಂದು ಸದ್ದು ಮಾತ್ರ ಬರುತ್ತಿತ್ತು.

ಕೆಲವು ವಾರ ಕಳೆದಮೇಲೆ ಆಸ್ಪತ್ರೆಯ ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇವರಿಗೆ ತಿಳಿಯುತ್ತದೆಯೇ? ತಿಳಿಯುವುದಾದರೆ ರಿಹ್ಯಾಬ್ ಘಟಕಕ್ಕೆ ಕಳಿಸುತ್ತಾರೆ. ಅಲ್ಲಿ ದಿನವೂ ಕೈಕಾಲಿಗೆ, ಮಾತಿಗೆ ತರಬೇತಿ, ಆಮೇಲೆ ಮನೆ. ಹೇಳಿದ್ದು ತಿಳಿದು ಮಾಡಲಾರದವರಿಗೆ ತರಬೇತಿ ದಂಡ, ಅಂಥವರಿಗೆ ಆರೈಕೆಯಷ್ಟೇ ಸಿಗುವ ಕೇರ್ ಹೋಮ್. ಅವ್ವನಿಗೆ ಎಲ್ಲ ತಿಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಮಗಳಿಗೆ ಗೊತ್ತಿದ್ದರೆ ಸಾಲದು, ಪರೀಕ್ಷೆಯಲ್ಲಿ ಕಾಣಬೇಕು.

ಪರೀಕ್ಷೆ ಹೀಗಿತ್ತು. ಸ್ಪೀಚ್ ಥೆರಪಿಸ್ಟ್ ಹುಡುಗಿ ಬಂದು, ಫೋನಿನಲ್ಲಿ ದುಭಾಷಿಯನ್ನು ಹಿಡಿದು, ಅವ್ವನ ಮುಂದೆ ಒಂದು ಕಪ್, ಒಂದು ಬಾಚಣಿಗೆ, ಒಂದು ಚಮಚ ಇಡುತ್ತಿದ್ದಳು. “ದಯವಿಟ್ಟು ಚಮಚವನ್ನು ಇವರಿಗೆ ಕೊಡಿ,” ಎಂದು ಫೋನು ಸುದ್ದಿ ಓದುವವರ ಕನ್ನಡದಲ್ಲಿ ಹೇಳುತ್ತಿತ್ತು. ಅವ್ವ ಚಮಚ ನೋಡುತ್ತಿದ್ದಳು, ಆ ಹುಡುಗಿಯನ್ನು ನೋಡುತ್ತಿದ್ದಳು, ಸುಮ್ಮನಿರುತ್ತಿದ್ದಳು. ಬಲಗೈ ಏಳುತ್ತಿರಲಿಲ್ಲ. ಎಡಗೈಯಿಂದ ಒಬ್ಬರಿಗೆ ಊಟದ ಚಮಚ ಕೊಡುವುದು ಅವಳ ಪ್ರಾಣ ಹೋದರೂ ಆಗುವ ಮಾತಲ್ಲ. ಎಡಗೈಯಲ್ಲಿ ಪ್ರಸಾದಕ್ಕೆ ಕೈಯೊಡ್ಡಿದ್ದಕ್ಕೆ ಚಿಕ್ಕವಳಿದ್ದಾಗ ನನಗೆ ಬಿದ್ದ ಪೆಟ್ಟು ಇನ್ನೂ ನೆನಪಿದೆ. ಥೆರಪಿಸ್ಟ್ ಹುಡುಗಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು, ಬರೆದುಕೊಂಡಳು, ಹೇಳಿದ್ದು ಬಹಳ ಉಪಯೋಗವಾಯಿತು ಎಂದಳು. ಮುಂದಿನ ವಾರ ಬೇರೊಬ್ಬರು ಬಂದು ಅದೇ ಚಮಚ ಇಟ್ಟರು.

ನಾನು ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರ್ ಟೆಸ್ಟಿಂಗ್. ಪರೀಕ್ಷೆಯೇ ತಪ್ಪಿದ್ದರೆ ಫಲಿತಾಂಶಕ್ಕೆ ಮೂರು ಕಾಸಿನ ಬೆಲೆಯಿಲ್ಲ ಎಂದು ಮೀಟಿಂಗುಗಳಲ್ಲಿ ಗಂಟಲು ಹರಿದುಕೊಳ್ಳುವವಳು. ಇಲ್ಲಿ ಬಾಯಿ ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಮನೆಯವರಿಗೆ ದುಭಾಷಿಯಾಗಲು ಅವಕಾಶವಿಲ್ಲ, ಅದು ನಿಯಮ.

ಮಾತಾಡಿಸುತ್ತಿರಿ ಎಂದು ನರ್ಸ್ ಹೇಳಿದ್ದರಿಂದ ಪುಸ್ತಕ ಒಯ್ದು ಓದತೊಡಗಿದೆ. ಹುಡುಗಿ ಈಗ ಬಂದರಿನಲ್ಲಿ ನಿಂತ ಹಡಗುಗಳನ್ನೆಲ್ಲ ಕಿಟಕಿಯಿಂದ ನೋಡಿ, ಕರವಸ್ತ್ರದ ಮೇಲೆ ಹೂವುಗಳಾಗಿ ಕಸೂತಿ ಹಾಕುತ್ತಿದ್ದಳು. ದೊಡ್ಡ ಯುದ್ಧನೌಕೆಗೆ ಅರಳಿದ ಗುಲಾಬಿ, ಸಣ್ಣದಕ್ಕೆ ಮೊಗ್ಗು. ಮೀನುಗಾರನೊಬ್ಬ ಆ ಕರವಸ್ತ್ರಗಳನ್ನು ಕಡಲಾಚೆ ಇಂಗ್ಲಿಷರಿಗೆ ದಾಟಿಸುತ್ತಿದ್ದ. ಒಂದು ದಿನ ಅಧಿಕಾರಿಗೆ ಅನುಮಾನ ಬಂದು, ಹೊಲಿಗೆಯ ಬುಟ್ಟಿ ತಾ ಎನ್ನುತ್ತಾನೆ. ಅಷ್ಟರಲ್ಲಿ ಭೇಟಿಯ ಸಮಯ ಮುಗಿಯಿತೆಂದು ನರ್ಸ್ ಬಂದಳು. ನಾನು ಪುಸ್ತಕ ಮುಚ್ಚಿದೆ.

ಅವ್ವನ ಎಡಗೈ ಹೊದಿಕೆಯ ಅಡಿಯಿಂದ ಬಂದು ನನ್ನ ಮಣಿಕಟ್ಟು ಹಿಡಿಯಿತು. ಬಳೆ ಒತ್ತಿ ನೋಯುವಷ್ಟು ಬಿಗಿಯಾಗಿ. ನರ್ಸಿಗೆ ಇನ್ನೈದು ನಿಮಿಷ ಎಂದು ಬೇಡಿಕೊಂಡೆ. ಮುಂದಕ್ಕೆ ಓದಿದೆ. ಅಧಿಕಾರಿಯ ಹೆಂಡತಿ ನಡುವೆ ಬಾಯಿಹಾಕಿ, ಹೆಂಗಸರ ಬುಟ್ಟಿಗೆ ಕೈಹಾಕುತ್ತೀರಾ ಎಂದು ಗಂಡನನ್ನು ಗದರಿ ಓಡಿಸಿದಳು. ಹುಡುಗಿ ಉಳಿದಳು. ಅವ್ವನ ಕೈ ಸಡಿಲಾಯಿತು.

ಲಿಫ್ಟಿನಲ್ಲಿ ಒಬ್ಬಳೇ ಅತ್ತೆ. ಸಂತೋಷಕ್ಕೇ ಅತ್ತದ್ದು. ಮೂರು ದಿನ ಮತ್ತೆ ಮತ್ತೆ ಮಾಡಿ ನೋಡಿದೆ. ಗಂಡಾಂತರದಲ್ಲಿ ನಿಲ್ಲಿಸಿದರೆ ಹಿಡಿಯುತ್ತಿದ್ದಳು, ಹುಡುಗಿ ಕ್ಷೇಮವಾಗಿದ್ದಾಗ ನಿಲ್ಲಿಸಿದರೆ ಹಿಡಿಯುತ್ತಿರಲಿಲ್ಲ. ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನನ್ನ ವೃತ್ತಿಯಲ್ಲೂ ನಾನು ಕಂಡಿಲ್ಲ. ಥೆರಪಿಸ್ಟ್ ಹುಡುಗಿಯನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿ ಹೇಳಿದೆ. ಒಳ್ಳೆಯವಳು, ನಕ್ಕು ತಳ್ಳಿಹಾಕಲಿಲ್ಲ. ಡಾಕ್ಟರನ್ನೂ ಕರೆತರುತ್ತೇನೆ, ನಿರ್ಧಾರದ ಸಭೆಗೆ ಮೊದಲು ನೋಡೋಣ ಎಂದಳು.

ಮಧ್ಯಾಹ್ನ ಬಂದರು. ಅವಳು, ಡಾಕ್ಟರು, ಇಬ್ಬರು ವಿದ್ಯಾರ್ಥಿಗಳು. ಮಂಚದ ಸುತ್ತ ಪರದೆ ಎಳೆದು ನಿಂತರು. ನಾನು ಬೇಕೆಂದೇ ಕೆಟ್ಟ ಭಾಗ ಆರಿಸಿಟ್ಟಿದ್ದೆ. ಹುಡುಗಿಯನ್ನು ಹಿಡಿದು ಕೋಟೆಗೆ ಒಯ್ದಿದ್ದಾರೆ. ಕರವಸ್ತ್ರವನ್ನು ತಿರುವಿಹಾಕಿ, ಹಿಂಬದಿಯ ಗಂಟುಗಳನ್ನು ಒಬ್ಬ ಮುದುಕ ಎಣಿಸುತ್ತಿದ್ದಾನೆ. ನಮ್ಮ ಧಾರವಾಡದ ಕಸೂತಿಗೆ ಗಂಟೇ ಇಲ್ಲ, ಎರಡೂ ಬದಿ ಒಂದೇ ತರಹ. ಮಾತಿದ್ದಿದ್ದರೆ ಅವ್ವ ಇಲ್ಲಿ ಆ ಹುಡುಗಿಗೆ ಸರಿಯಾಗಿ ಬೈಯುತ್ತಿದ್ದಳು. ಮುದುಕ ತಲೆಯೆತ್ತಿ, “ಇವು ಹೂವಲ್ಲ,” ಎಂದ. ಪುಸ್ತಕ ಮುಚ್ಚಿದೆ.

ಅವ್ವ ಎಡಗೈ ಎತ್ತಿದಳು. ಆ ಕೈ ಹೊದಿಕೆಯನ್ನು ಮೇಲಕ್ಕೆ ಎಳೆದು ತಲೆಯ ಮೇಲೆ ಸೆರಗಿನ ಹಾಗೆ ಹೊದ್ದುಕೊಂಡಿತು. ಅಷ್ಟೇ. ಕಣ್ಣು ಕೆಳಗೆ ಹಾಕಿ ಸುಮ್ಮನೆ ಮಲಗಿದಳು. ನಾಲ್ಕು ಜನ ಹೊರಗಿನವರು, ಅದರಲ್ಲಿ ಇಬ್ಬರು ಗಂಡಸರು. ಬಂದವರ ಮುಂದೆ ನನಗಿದು ಬೇಕು ಎಂದು ಅವಳು ಜನ್ಮದಲ್ಲಿ ಕೈಚಾಚಿದವಳಲ್ಲ.

ನನಗೆ ತಾಳ್ಮೆ ತಪ್ಪಿತು. ಪುಸ್ತಕ ತೆರೆದು ಅದೇ ಸಾಲನ್ನು ಇನ್ನೂ ಜೋರಾಗಿ ಓದಿ ಮತ್ತೆ ಮುಚ್ಚಿದೆ. ಅವಳು ಅಲ್ಲಾಡಲಿಲ್ಲ. “ಅವ್ವಾ, ಹಿಡಿ. ನನ್ನ ಕೈ ಹಿಡಿ. ಇವರು ನೋಡಾಕತ್ತಾರ,” ಎಂದೆ. ಅವ್ವ ನನ್ನನ್ನು ನೋಡಿದ ನೋಟ, ನೆಂಟರೆದುರು ಮಾನ ಕಳೆಯುವ ಮಕ್ಕಳನ್ನು ನೋಡುವ ನೋಟ. ಡಾಕ್ಟರು ಮೆಲ್ಲಗೆ ನನ್ನ ಹೆಗಲ ಮೇಲೆ ಕೈಯಿಟ್ಟರು. ಇವತ್ತು ಅವರಿಗೆ ಆಯಾಸವಾಗಿರಬಹುದು ಎಂದಳು ಥೆರಪಿಸ್ಟ್. ಹೇಳಿಕೊಟ್ಟು ಮಾಡಿಸಿದ ಪರೀಕ್ಷೆ ಪರೀಕ್ಷೆಯಲ್ಲ. ಅವಳು ಈಗ ಕೈ ಹಿಡಿದರೂ ಲೆಕ್ಕಕ್ಕಿಲ್ಲ ಎಂದು ನನಗಿಂತ ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನನ್ನ ಗಂಡ ಡಾಕ್ಟರು. ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಯಲ್ಲಿ ಕೆಲಸ, ಡ್ಯೂಟಿಯ ಸರದಿ ಬಿಟ್ಟಾಗ ಮನೆ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡರು. ನೀವೊಂದು ಮಾತು ಹೇಳಿ, ಡಾಕ್ಟರು ಡಾಕ್ಟರ ಮಾತು ಕೇಳುತ್ತಾರೆ ಎಂದೆ. “ಹೇಳ್ತೀನಿ. ಆದ್ರೆ ಅವರ ಜಾಗದಲ್ಲಿ ನಾನಿದ್ರೂ ಅದನ್ನೇ ಬರೀತಿದ್ದೆ ಕಣೆ,” ಎಂದರು. ಸುಳ್ಳು ಹೇಳುವ ಗಂಡನನ್ನಾದರೂ ಕಟ್ಟಿಕೊಳ್ಳಬೇಕಿತ್ತು ಅನ್ನಿಸಿತು. ಸಭೆ ಆಯಿತು. ಎಲ್ಲರೂ ಮರ್ಯಾದೆಯಿಂದ ಮಾತಾಡಿದರು. ಬೈಯಲು ಒಬ್ಬರಾದರೂ ಕೆಟ್ಟವರು ಸಿಕ್ಕಿದ್ದರೆ ಹಗುರಾಗುತ್ತಿದ್ದೆ.

ಕೇರ್ ಹೋಮು ಒಂದು ದಿನ್ನೆಯ ಮೇಲಿದೆ, ಟ್ರ್ಯಾಮಿನಿಂದಿಳಿದು ಏರು ಹತ್ತಬೇಕು. ಅಲ್ಲಿನವರು ಅವ್ವನನ್ನು ‘ಲವ್’ ಎಂದು ಕರೆದು, ಗಲ್ಲ ಒರೆಸಿ, ಮೆತ್ತಗೆ ಮಾಡಿದ ಆಲೂಗಡ್ಡೆ ತಿನ್ನಿಸುತ್ತಾರೆ. ನಾನು ಕೆಲಸ ಮುಗಿಸಿ ಹೋಗುತ್ತೇನೆ. ಮಗಳು ಫೋನಿನಲ್ಲಿ, ಅಜ್ಜಿಗೆ ಕಷ್ಟ ಯಾಕಮ್ಮ, ಕೊನೆಯ ಪುಟಕ್ಕೆ ಹೋಗಿ ಏನಾಗುತ್ತದೆಂದು ಹೇಳಿಬಿಡಬಾರದೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳು ಪುಸ್ತಕ ಪೂರ್ತಿ ಓದಿದವಳು. ನಾನು ಮಾತ್ರ ಅವ್ವನಿಗಿಂತ ಒಂದು ಪುಟವೂ ಮುಂದೆ ಹೋಗದೆ ಉಳಿದಿದ್ದೆ. ಅವ್ವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿರುವುದು ಇನ್ನು ಸಾಕಾಗಿತ್ತು.

ದಿನ ಕಳೆದಂತೆ ಅವ್ವ ಕಿರಿದಾದಳು. ಕೈ ಹಿಡಿಯುವುದನ್ನು ಬಿಡಲಿಲ್ಲ. ಅದನ್ನು ಯಾರಿಗೂ ತೋರಿಸುವ ಗೋಜಿಗೆ ನಾನೂ ಹೋಗಲಿಲ್ಲ. ಆ ಹಿಡಿತವಿದ್ದರೆ ಸಾಕು, ನಾಳೆ ಇದೆ ಎಂದುಕೊಳ್ಳುತ್ತಿದ್ದೆ.

ಮೊನ್ನೆ ಮೊನ್ನೆಯ ಮಾತು. ಹುಡುಗಿ ಕೋಟೆಯ ಕಿಂಡಿಯಿಂದ ಸಮುದ್ರಕ್ಕೆ ಹಾರಿದ್ದಳು. ಕರವಸ್ತ್ರವನ್ನು ಹೊಟ್ಟೆಗೆ ಕಟ್ಟಿಕೊಂಡು ಈಜುತ್ತಿದ್ದಾಳೆ. ಬರಬೇಕಾಗಿದ್ದ ದೋಣಿ ಕಾಣುತ್ತಿಲ್ಲ, ಕೋಟೆಯ ಮೇಲೆ ಪಂಜುಗಳು ಓಡಾಡುತ್ತಿವೆ. ನನ್ನ ಆಫೀಸಿನಲ್ಲಿ ಏನೋ ಕೆಟ್ಟು ಫೋನು ತೊಡೆಯ ಮೇಲೆ ಗುರುಗುಟ್ಟುತ್ತಿತ್ತು. ನಾನು ಅದನ್ನು ಬೋರಲು ಹಾಕಿ ಓದುತ್ತಲೇ ಇದ್ದೆ, ಆಕಳಿಕೆ ನುಂಗಿಕೊಂಡು. ಮಧ್ಯಾಹ್ನದ ಊಟವೂ ಆಗಿರಲಿಲ್ಲ. ಒಂದು ಸಲ ತಲೆಯೆತ್ತಿದರೆ ಅವ್ವ ಪುಸ್ತಕ ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಯಾವಾಗಿಂದ ನೋಡುತ್ತಿದ್ದಳೋ.

ಅವಳ ಕೈ ಮೇಲೆದ್ದಿತು. ಅಭ್ಯಾಸದಂತೆ ನಾನು ಮಣಿಕಟ್ಟು ಮುಂದೆ ಮಾಡಿದೆ. ಕೈ ಅದನ್ನು ದಾಟಿ ಪುಟದ ಮೇಲೆ ಕೂತು, ರಟ್ಟಿನ ಅಂಚು ತಡಕಾಡಿ, ಪುಸ್ತಕವನ್ನು ನಿಧಾನವಾಗಿ ಮುಚ್ಚಿತು.

“ಅವ್ವಾ, ಆಕಿ ಇನ್ನೂ ನೀರಾಗ ಅದಾಳ,” ಎಂದೆ.

ಅವ್ವ ನನ್ನ ಕೆನ್ನೆ ಸವರಿದಳು. ಆಮೇಲೆ ಅದೇ ಕೈಯಿಂದ ಪುಸ್ತಕವನ್ನು ನನ್ನ ಮಡಿಲಿಗೆ ತಳ್ಳಿ, ಬಾಗಿಲ ಕಡೆ ಬೆರಳು ಮಾಡಿ, ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು. ಅವಳಿಗೆ ಎಲ್ಲ ತಿಳಿಯುತ್ತದೆ ಎಂಬುದರಲ್ಲಿ ಇನ್ನು ಯಾರಿಗೂ ಸಂಶಯ ಉಳಿಯುವ ಹಾಗಿರಲಿಲ್ಲ. ನೋಡಲು ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಪುಸ್ತಕ ತೆಗೆದುಕೊಂಡು, ಅವಳು ಹೇಳಿದ ಹಾಗೆ ಎದ್ದೆ.