ಚಂದ್ರನ ಮೇಲೆ ಹುಟ್ಟಿದವನ ಜಾತಕ

ತ್ಯಾಗರಾಜನಗರದ ವೆಂಕಟಾಚಲ ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಹಿಡಿದ ಕೆಲಸ ಜಾತಕ ಬರೆಯುವುದು. ಪುಕ್ಕಟೆ. ಕೇಳದವರಿಗೂ ಬರೆದುಕೊಟ್ಟದ್ದುಂಟು. ಎದುರು ಮನೆಯ ಪಂಕಜಾ ಹೊಸ ಸ್ಕೂಟರ್ ತಂದ ದಿನ, ಅದು ಶೋರೂಮಿನಿಂದ ಹೊರಟ ಗಳಿಗೆ ವಿಚಾರಿಸಿ, ಕುಂಡಲಿ ಹಾಕಿ, ಬ್ರೇಕಿನ ವಿಷಯದಲ್ಲಿ ಎಚ್ಚರ ಹೇಳಿ ಬಂದಿದ್ದರು. ಪಂಕಜಾ ಆಮೇಲೆ ಒಂದು ವಾರ ಆಟೋದಲ್ಲೇ ಓಡಾಡಿದಳು.

ಈ ವಿದ್ಯೆಯ ಬಿಸಿ ಮಗಳು ಹಂಸಾಗೂ ತಟ್ಟಿತು. ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಅವಳು ಫಿಸಿಯೋಥೆರಪಿಸ್ಟ್. ಅಲ್ಲೇ ಕೆಲಸ ಮಾಡುವ ಪ್ರಮೋದ್‌ನನ್ನು ಮದುವೆಯಾಗುತ್ತೇನೆಂದು ಮನೆಯಲ್ಲಿ ಹೇಳಿದಳು. ಅಂಜನಾಪುರದ ಹಳೇ ಊರಿನ ಬೌದ್ಧ ಮನೆತನ. ಜಾತಕ ಬರೆಸುವ ಪದ್ಧತಿಯಿಲ್ಲ. ಹುಡುಗನ ತಾಯಿ ಸಪ್ಪಲಮ್ಮನಿಗೆ ತಾರೀಖು ನೆನಪಿತ್ತು, ಅದು ಹಾಲು ಕರೆಯುವ ಹೊತ್ತು ಎಂಬುದೂ ನೆನಪಿತ್ತು. ಬೆಳಗಿನದೋ ಸಂಜೆಯದೋ ಮರೆತುಹೋಗಿತ್ತು. ವೆಂಕಟಾಚಲ ಆ ತಾರೀಖು ಬರೆದ ಚೀಟಿಯನ್ನು ಮಡಚಿಟ್ಟು, ಗಳಿಗೆ ಗೊತ್ತಿಲ್ಲದೆ ಜಾತಕವಿಲ್ಲ, ಜಾತಕವಿಲ್ಲದೆ ಮದುವೆಯ ಮಾತಿಲ್ಲ ಎಂದುಬಿಟ್ಟರು. ಜಾತಿ ಎಂಬ ಪದ ಅವರ ಬಾಯಿಂದ ಬರಲಿಲ್ಲ. ಬಾರದಂತೆ ಪಂಚಾಂಗವನ್ನು ಅಡ್ಡ ಹಿಡಿದಿದ್ದರು. ಹೆಂಡತಿ ಕಾತ್ಯಾಯಿನಿಗೆ ಇದು ತಿಳಿಯಿತು. ನಲವತ್ತು ವರ್ಷ ಸಂಸಾರ ಮಾಡಿ ಅಷ್ಟೂ ತಿಳಿಯದಿದ್ದರೆ ಹೇಗೆ?

ಹಂಸಾ ಜಗಳವಾಡಲಿಲ್ಲ. ಅಪ್ಪ ಒಪ್ಪದೆ ಮನೆ ಬಿಟ್ಟು ಹೋಗುವುದಿಲ್ಲ, ಬೇರೆಯವರನ್ನು ಮದುವೆಯಾಗುವುದೂ ಇಲ್ಲ ಎಂದಳು. ಆಮೇಲೆ ಮಾತು ಕಡಿಮೆ ಮಾಡಿ, ಭಾನುವಾರ ಸಂಜೆ ಐದಕ್ಕೆ ನಡುಮನೆಯ ಟಿವಿಯಲ್ಲಿ ಜಪಾನಿನ ಒಂದು ರೋಬೋ ಧಾರಾವಾಹಿ ಹಾಕಿಕೊಂಡು ಕೂರತೊಡಗಿದಳು. ಕಾರ್ಟೂನೇ, ಆದರೆ ದೊಡ್ಡವರದು. ಮೂರಂತಸ್ತಿನ ಮನೆಯಷ್ಟು ಎತ್ತರದ ಕಬ್ಬಿಣದ ಯೋಧರು, ಒಬ್ಬೊಬ್ಬರ ಎದೆಗೂಡಿನಲ್ಲೂ ಕೂತು ನಡೆಸುವ ಒಬ್ಬೊಬ್ಬ ತರುಣ.

ಭಾನುವಾರ ಆ ಹೊತ್ತು ರಾಹುಕಾಲ. ವೆಂಕಟಾಚಲ ಆಗ ಯಾವ ಕೆಲಸವನ್ನೂ ಮುಟ್ಟುವವರಲ್ಲ, ನಡುಮನೆಯಲ್ಲಿ ಪೇಪರ್ ಹಿಡಿದು ಕೂರುವವರು. ಹಾಗಾಗಿ ಸಿಕ್ಕಿಬಿದ್ದರು. ಮೂರನೆಯ ವಾರ ಪೇಪರ್ ಕೆಳಗಿಳಿಯಿತು. ಐದನೆಯ ವಾರ ಕುರ್ಚಿ ಟಿವಿಯ ಮುಂದಕ್ಕೆ ಬಂತು. ಎಂಟನೆಯ ವಾರ, ಮಿಕ್ಸಿ ಹಾಕಬೇಡವೆಂದು ಕಾತ್ಯಾಯಿನಿಗೆ ಅಪ್ಪಣೆಯಾಯಿತು.

ಅವರ ಜೀವವೆಲ್ಲ ಶಿರೋ ಎಂಬ ಹುಡುಗನ ಮೇಲೆ. ಶತ್ರುಪಕ್ಷದಲ್ಲಿದ್ದವನು, ನಡುವೆ ಈ ಕಡೆ ಬಂದವನು. ಯಾಕೆ ಬಂದನೆಂದು ಅವನು ಬಾಯಿಬಿಟ್ಟು ಹೇಳಿರಲಿಲ್ಲ. ಉಂಡ ಮನೆಗೆ ಎರಡು ಬಗೆದವನು ಎಂದು ಕಾತ್ಯಾಯಿನಿ ತೀರ್ಪು ಕೊಟ್ಟಾಗ ವೆಂಕಟಾಚಲ ಒಂದು ಹೊತ್ತು ಅವರ ಜೊತೆ ಮಾತು ಬಿಟ್ಟರು. ಇಪ್ಪತ್ಮೂರನೆಯ ಕಂತಿನಲ್ಲಿ, ಉಳಿದವರು ಪಾರಾಗಲೆಂದು ಮುರಿದ ಕೋಟೆಬಾಗಿಲನ್ನು ಶಿರೋ ಒಬ್ಬನೇ ತಡೆದು ನಿಂತ. ಇನ್ನು ಒಂದೇ ಕಂತು. ಬದುಕುತ್ತಾನೋ, ಸಾಯುತ್ತಾನೋ? ವೆಂಕಟಾಚಲರಿಗೆ ಊಟ ಸೇರಲಿಲ್ಲ.

ಸೋಮವಾರ ಮಗಳನ್ನು ಕರೆದು ಶಿರೋನ ಜನ್ಮ ವಿವರ ಕೇಳಿದರು. ಹಂಸಾ ಫೋನಿನಲ್ಲಿ ಹುಡುಕಿಕೊಟ್ಟಳು. ನವೆಂಬರ್ ಒಂಬತ್ತು, ರಕ್ತದ ಗುಂಪು ಎಬಿ, ಜನ್ಮಸ್ಥಳ ಚಂದ್ರನ ಮೇಲಿನ ಏಳನೇ ವಸಾಹತು. ಗಳಿಗೆ ಇರಲಿಲ್ಲ. ಪರವಾಗಿಲ್ಲ, ಸೂರ್ಯೋದಯಕ್ಕೆ ಹಾಕಿದರಾಯಿತು, ಶಾಸ್ತ್ರದಲ್ಲಿ ಅದಕ್ಕೆ ಅವಕಾಶವಿದೆ ಎಂದರು ವೆಂಕಟಾಚಲ. ಹಂಸಾ ಅಪ್ಪನ ಮುಖವನ್ನೇ ನೋಡಿದಳು.

ಕಷ್ಟ ಆಮೇಲೆ ಶುರುವಾಯಿತು. ಹುಟ್ಟಿದಾಗ ಚಂದ್ರ ಎಲ್ಲಿದ್ದಾನೋ ಅದು ರಾಶಿ. ಚಂದ್ರನ ಮೇಲೇ ಹುಟ್ಟಿದವನಿಗೆ ಯಾವ ರಾಶಿ? ಸೂರ್ಯೋದಯಕ್ಕೆ ಹಾಕೋಣವೆಂದರೆ ಅಲ್ಲಿ ತಿಂಗಳಿಗೊಂದೇ ಸೂರ್ಯೋದಯ. ನಾಲ್ಕು ದಿನ ತಲೆ ಕೆರೆದುಕೊಂಡು, ತಮ್ಮಂತೆಯೇ ಜಾತಕದ ಹುಚ್ಚಿನ ಶಾಮಣ್ಣನಿಗೆ ಫೋನ್ ಮಾಡಿದರು. ಶಾಮಣ್ಣ ಎಲ್ಲ ಕೇಳಿಸಿಕೊಂಡು, ಬಿಪಿ ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ ಎಂದು ವಿಚಾರಿಸಿದರು.

ಶನಿವಾರ ಸಂಜೆ ಪಂಚಾಂಗ ಮುಚ್ಚಿ, ಕಾಫಿ ಕುಡಿಯುತ್ತ, ಹುಡುಗ ಬದುಕುತ್ತಾನೆ ಎಂದು ಘೋಷಿಸಿದರು.

"ಜಾತಕ ಕೂಡಿ ಬಂತಾಪ್ಪ?" ಎಂದಳು ಹಂಸಾ.

"ಜಾತಕ ಹಾಳಾಗ್ಲಿ. ಆರನೇ ಕಂತಲ್ಲಿ ಆ ರೋಬೋ ರಿಪೇರಿ ಮಾಡೋ ಮೆಕ್ಯಾನಿಕ್ ಹೆಂಗಸನ್ನ ಬಿಟ್ಟು ಓಡ್ಬೋದಿತ್ತು, ಓಡ್ಲಿಲ್ಲ. ಅವಳ ಊರಿಗೆ ಬೆಂಕಿ ಹಾಕಕ್ಕೆ ಕೈ ಬರ್ಲಿಲ್ಲ, ಅದಕ್ಕೇ ಈ ಕಡೆ ಬಂದಿದ್ದು. ವಾಪಸ್ ಬರ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದಾನೆ, ಬಂದೇ ಬರ್ತಾನೆ. ಇಪ್ಪತ್ಮೂರು ವಾರದಿಂದ ನೋಡ್ತಿದೀನಲ್ಲ ಹುಡುಗನ್ನ."

"ಪ್ರಮೋದ್‌ನ ಇಪ್ಪತ್ಮೂರು ನಿಮಿಷಾನೂ ನೋಡಿಲ್ಲ ನೀನು."

ಹಂಸಾ ಅದನ್ನು ದನಿ ಏರಿಸದೆ ಹೇಳಿದಳು. ವೆಂಕಟಾಚಲರಿಗೆ ನಾಚಿಕೆಯಾಯಿತು. ಬರೆದ ಚಿತ್ರಕ್ಕೆ ಸೂರ್ಯೋದಯದ ರಿಯಾಯಿತಿ ಕೊಟ್ಟವರು, ಮಗಳು ಮೆಚ್ಚಿದವನ ಚೀಟಿಯನ್ನು ಮಡಚಿಟ್ಟಿದ್ದರು. ಕಾಫಿ ಆರುವವರೆಗೂ ಲೋಟ ಹಿಡಿದೇ ಕೂತಿದ್ದರು.

"ನಾಳೆ ಕಡೇ ಕಂತಿಗೆ ಅವನಿಗೂ ಬರಕ್ಕೆ ಹೇಳು," ಎಂದರು ಕೊನೆಗೆ.

ಪ್ರಮೋದ್ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದು ಸೋಫಾದ ಅಂಚಿನಲ್ಲಿ ಕೂತ. ಧಾರಾವಾಹಿಯವರು ಮಾತ್ರ ಯಾರಿಗೂ ಉಪಕಾರ ಮಾಡಲಿಲ್ಲ. ಬಾಗಿಲು ಕುಸಿಯಿತು, ಹೊಗೆ ತುಂಬಿತು, ಮೆಕ್ಯಾನಿಕ್ ಹೆಂಗಸು ತನ್ನ ಮನೆಯಲ್ಲಿ ಊಟಕ್ಕೆ ಅಣಿ ಮಾಡುವಲ್ಲಿಗೆ ಕಥೆ ಮುಗಿದೇಹೋಯಿತು. ಹೋದ ಪಾಪ, ಎಂದರು ಕಾತ್ಯಾಯಿನಿ. ವೆಂಕಟಾಚಲ ಕನ್ನಡಕ ತೆಗೆದು ಒರೆಸಿಕೊಂಡರು.

"ಹೋಗಿಲ್ಲ ಆಂಟಿ," ಎಂದ ಪ್ರಮೋದ್, ಹೆದರಿಕೆ ಮರೆತು. "ಅವಳು ಎರಡು ತಟ್ಟೆ ಇಟ್ಟಳು."

ತಟ್ಟೆಗಳನ್ನು ವೆಂಕಟಾಚಲ ಗಮನಿಸಿರಲಿಲ್ಲ. ಹಿಂದಕ್ಕೆ ಓಡಿಸಿ ನೋಡಿದರು. ಎರಡೇ. ಅರ್ಧ ಗಂಟೆ ಇಬ್ಬರೂ ಶಿರೋನ ಮನಸ್ಸನ್ನು ಬಗೆದು ಬಗೆದು ನೋಡಿದರು. ಚಕ್ಕುಲಿ ತಟ್ಟೆ ಖಾಲಿಯಾದದ್ದೂ ತಿಳಿಯಲಿಲ್ಲ.

ಹುಡುಗ ಹೊರಡಲು ಎದ್ದಾಗ ಮುಂದಿನ ಭಾನುವಾರವೂ ಬರಬೇಕೆಂದರು. ಕಥೆ ಮುಗಿಯಿತಲ್ಲ ಅಂಕಲ್, ಎಂದ ಪ್ರಮೋದ್. ಮೊದಲಿನಿಂದ ನೋಡೋಣ, ವಾರಕ್ಕೊಂದು ಕಂತು, ಎಂದರು ವೆಂಕಟಾಚಲ.

"ಅದು ಮುಗಿಯೋಷ್ಟರಲ್ಲಿ ಆರು ತಿಂಗಳಾಗುತ್ತೆ ರೀ," ಎಂದರು ಕಾತ್ಯಾಯಿನಿ. "ಜಯನಗರದಲ್ಲಿ ಒಂದು ಛತ್ರಾನೂ ಉಳಿದಿರಲ್ಲ."

ಹಂಸಾ ಅಪ್ಪನನ್ನೇ ನೋಡಿದಳು. ಗಡಿಯಾರದಲ್ಲಿ ಆರಕ್ಕೆ ಹತ್ತು ನಿಮಿಷವಿತ್ತು. ರಾಹುಕಾಲ ಕಳೆಯುವವರೆಗೆ ಕಾಯಬಹುದಿತ್ತು. ವೆಂಕಟಾಚಲ ಕಾಯಲಿಲ್ಲ.

"ಹಾಗಾದ್ರೆ ನಾಳೆನೇ ಹೋಗಿ ಛತ್ರ ಕೇಳ್ಕೊಂಡು ಬರೋಣ," ಎಂದರು.