ಮೇ ತಿಂಗಳ ಲೆಕ್ಕ ಮತ್ತು ಓಬಳೆಪ್ಪನವರು

ಮುರಿದ ಸಂಸಾರಗಳನ್ನು ಕೂಡಿಸುವವರಿಗೆ ನಮ್ಮ ನಾಡಿನಲ್ಲಿ ಹಾರ ತುರಾಯಿಗಳ ಕೊರತೆಯಿಲ್ಲ. ಆದರೆ ಇನ್ನು ಕೂಡಲಾರವೆಂದು ಖಚಿತವಾದ ಮೇಲೆ, ಆ ಎರಡು ಮನೆಗಳ ನಡುವೆ ಉಳಿದ ಮಗುವಿನ ಅನ್ನ, ಅರಿವೆ, ಶಾಲೆಯ ಖರ್ಚನ್ನು ಯಾರು ಎಷ್ಟು ಹೊರಬೇಕೆಂದು ಕುಳಿತು ಗೊತ್ತುಮಾಡುವವರನ್ನು ಯಾರಾದರೂ ಸನ್ಮಾನಿಸಿದ್ದನ್ನು ನಾನು ಕಂಡಿಲ್ಲ. ಆ ಕೆಲಸ ಮಾಡಿದವರಿಗೆ ಗಂಡನ ಕಡೆಯವರ ಬೈಗುಳವೂ ಹೆಂಡತಿಯ ಕಡೆಯವರ ಶಾಪವೂ ಸಮಪಾಲಿನಲ್ಲಿ ಸಲ್ಲುತ್ತವೆ. ಅಂಥ ಕೆಲಸವನ್ನು ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕೊಪ್ಪಳ ಎಂಬ ನಾಲ್ಕೂ ತಾಲೂಕುಗಳಲ್ಲಿ ಮೂರು ದಶಕ ಮಾಡಿ ಈಗ ನಿವೃತ್ತರಾಗುತ್ತಿರುವ ಕೌಟುಂಬಿಕ ಸಮಾಲೋಚಕರಾದ ಶ್ರೀ ಓಬಳೆಪ್ಪನವರು ನಮ್ಮ ಕ್ಷೇತ್ರದ ಹಿರಿಯರು ಮಾತ್ರವಲ್ಲ, ಇದೂ ಒಂದು ಕ್ಷೇತ್ರವೆಂದು ನಮಗೆ ತೋರಿಸಿಕೊಟ್ಟವರು.

ಅಭಿನಂದನ ಸಮಿತಿಯವರು ನನಗೆ "ಸಹೋದ್ಯೋಗಿಯಾಗಿ ನಾಲ್ಕು ಮಾತು ಬರೆಯಿರಿ" ಎಂದು ಸೂಚಿಸಿದ್ದಾರೆ. ಸಹೋದ್ಯೋಗಿಯಾಗಿ ನಾನು ಅವರನ್ನು ಬಲ್ಲದ್ದು ಮೂರು ವರ್ಷದಿಂದ. ಅದಕ್ಕಿಂತ ಬಹಳ ಮೊದಲು, ನನಗೆ ಒಂಬತ್ತು ವರ್ಷವಾಗಿದ್ದಾಗ, ನಾನು ಅವರ ಮೇಜಿನ ಮುಂದೆ ಬಂದಿದ್ದ ಒಂದು ಪ್ರಕರಣ. ಯಾರ ಖರ್ಚಿಗಾಗಿ ಜಗಳ ನಡೆದಿತ್ತೋ ಆ ಕೂಸು ನಾನೇ. "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು" ಎಂಬ ಗಾದೆಯನ್ನು ದಯವಿಟ್ಟು ಯಾರೂ ನನ್ನ ಮುಂದೆ ಹೇಳಬೇಡಿ. ಹೇಳಿದವರು ಬಹಳ ಮಂದಿ. ಹೇಳಿದ ಮೇಲೆ ಆ ಕೂಸನ್ನು ಕರೆದು ಒಂದು ತುತ್ತು ಹಾಕಿದವರು ಕಡಿಮೆ. ಈ ಲೇಖನ ಬರೆಯಲು ಅವ್ವನ ಒಪ್ಪಿಗೆ ಪಡೆದಿದ್ದೇನೆ. ಅಪ್ಪನನ್ನು ಕೇಳಲಾಗಲಿಲ್ಲ.

ಅಳವಂಡಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಓಬಳೆಪ್ಪನವರು ಸರ್ಕಾರಿ ಸೇವೆಗೆ ಸೇರಿದ್ದು ಯಲಬುರ್ಗಾದಲ್ಲಿ. ಸೇರಿದ ಕೆಲವೇ ವರ್ಷಗಳಲ್ಲಿ ಪತ್ನಿ ಶಾಂತಕ್ಕನವರನ್ನು ಕಳೆದುಕೊಂಡರು, ಮಕ್ಕಳಿರಲಿಲ್ಲ, ಮತ್ತೆ ಮದುವೆಯಾಗಲಿಲ್ಲ. ಕೊಪ್ಪಳಕ್ಕೆ ವರ್ಗವಾಗಿ ಬಂದಾಗ ಹಿಡಿದ ಬಾಡಿಗೆ ಕೋಣೆಯಲ್ಲೇ ಇಂದಿಗೂ ಇದ್ದಾರೆ. ಜೀವನಾಂಶದ ಮಾತು ಬಿಸಿಯೇರಿದಾಗ ಸಿಟ್ಟಿಗೆದ್ದ ಯಾರಾದರೂ "ಮಕ್ಕಳಿಲ್ಲದವರಿಗೆ ಕೂಸಿನ ಖರ್ಚು ಏನ್ ಗೊತ್ತಾಕ್ಕೈತ್ರಿ?" ಎಂದು ಚುಚ್ಚುವುದುಂಟು. ಅದಕ್ಕೆ ಅವರು ಕನ್ನಡಕ ತೆಗೆದು, ಒರೆಸಿ, "ಖರೇ ಐತಿ. ಅದಕ್ಕ ನಿಮ್ಮನ್ನ ಕೇಳಾಕತ್ತೀನಿ. ಹೇಳ್ರಿ," ಎನ್ನುತ್ತಾರೆ. ಚುಚ್ಚಿದವರೇ ತಲೆತಗ್ಗಿಸಿ ಹೇಳಲಾರಂಭಿಸುವುದನ್ನು ನಾನು ಅನೇಕ ಸಲ ನೋಡಿದ್ದೇನೆ.

ನನ್ನ ಅಪ್ಪ ಯಮನೂರಪ್ಪ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲ. ಅವ್ವ ನೇತ್ರಾವತಿ ಕುಷ್ಟಗಿಯ ಅಂಗನವಾಡಿಯಲ್ಲಿ ಸಹಾಯಕಿ. ಅವರಿಬ್ಬರೂ ಬೇರೆಯಾದದ್ದೇಕೆಂಬುದು ಇಲ್ಲಿ ಅನಗತ್ಯ. ಕೆಟ್ಟವರು ಯಾರೂ ಇರಲಿಲ್ಲವೆಂದರೆ ಸಾಕು. ನಾನು ಅವ್ವನ ಬಳಿ ಇರುವುದೆಂದು ಗೊತ್ತಾಯಿತು. ತಿಂಗಳಿಗೆ ಅಪ್ಪ ಎಷ್ಟು ಕೊಡಬೇಕೆಂಬುದು ಮಾತ್ರ ಬಗೆಹರಿಯದೆ ಕೊಪ್ಪಳದಲ್ಲಿ ಓಬಳೆಪ್ಪನವರ ಸಮಾಲೋಚನಾ ಕೇಂದ್ರಕ್ಕೆ ಬಂತು. ಕಾಲುವೆಗೆ ನೀರು ಬಿಟ್ಟು ಭತ್ತ ಬಂದರೆ ಹಮಾಲರಿಗೆ ಕೈತುಂಬ ಕೆಲಸ, ಕಾಲುವೆ ಬಂದಾದರೆ ಕೈ ಖಾಲಿ; ಆದ್ದರಿಂದ ಸುಗ್ಗಿಯ ತಿಂಗಳುಗಳಲ್ಲಿ ಮಾತ್ರ ಕೊಡುತ್ತೇನೆಂದು ಅಪ್ಪ ಹಟ ಹಿಡಿದ. ಅವ್ವ ಎದ್ದು ನಿಂತು, "ಕಾಲುವಿ ಬಂದ್ ಆತಂದ್ರ ಕೂಸಿನ ಹೊಟ್ಟಿನೂ ಬಂದ್ ಆಕ್ಕೈತೇನ್ರಿ ಸಾಹೇಬ್ರ?" ಎಂದಳು. ಬಾಗಿಲ ಹೊರಗೆ ಕುಳಿತಿದ್ದ ನನಗೆ ಅದು ಕೇಳಿಸಿತು. ನನ್ನ ಹೊಟ್ಟೆಯ ಬಗ್ಗೆ ಇಷ್ಟು ಜನರ ಮುಂದೆ ಮಾತಾಡುತ್ತಾರಲ್ಲ ಎಂದು ನನಗೆ ಬಹಳ ನಾಚಿಕೆಯಾಯಿತು.

ಓಬಳೆಪ್ಪನವರು ಇಬ್ಬರ ಮಾತನ್ನೂ ತಾಳ್ಮೆಯಿಂದ ಕೇಳಿ, ಸುಗ್ಗಿಯ ಗಳಿಕೆಯನ್ನು ವರ್ಷವಿಡೀ ಹರವಿ, ತಿಂಗಳಿಗೊಂದು ಮೊತ್ತ ಗೊತ್ತುಮಾಡಿದರು. ಕೊನೆಗೆ ಅಪ್ಪ ಒಂದು ಮಾತು ಸೇರಿಸಿದ. ಬೇಸಿಗೆ ರಜೆಯಲ್ಲಿ ಮೇ ತಿಂಗಳಿಡೀ ಮಗಳು ಗಂಗಾವತಿಯಲ್ಲಿ ತನ್ನ ಮನೆಯಲ್ಲಿರಬೇಕು. ತನ್ನ ಮನೆಯಲ್ಲೇ ಉಣ್ಣುವುದರಿಂದ ಆ ತಿಂಗಳ ಹಣವನ್ನು ಕಳೆಯಬೇಕು. ಮಾತು ನ್ಯಾಯವಾಗಿಯೇ ಕಂಡಿತು. ವಾದಿಸಿ ದಣಿದಿದ್ದ ಅವ್ವ ಹೂಂ ಎಂದಳು, ಓಬಳೆಪ್ಪನವರು ಬರೆದುಕೊಂಡರು.

ಆ ವರ್ಷ ಏಪ್ರಿಲ್ ಕೊನೆಗೆ ಅವ್ವ ಪಕ್ಕದ ಮನೆಯವಳ ಮುಂದೆ, "ಮೇ ತಿಂಗಳಾಗ ರೊಕ್ಕ ಬರಂಗಿಲ್ಲ. ಬಾಡಿಗಿ ಹೆಂಗ ಕಟ್ಟೂದೋ ಏನೋ, ಮನಿ ಮಾಲಕ ಮೇ ತಿಂಗಳು ಅಂತ ಬಿಡ್ತಾನೇನು?" ಎಂದು ಹೇಳಿಕೊಂಡದ್ದು ನನ್ನ ಕಿವಿಗೆ ಬಿತ್ತು. ನಾನು ಅಪ್ಪನ ಮನೆಗೆ ಹೋಗಲೇಬೇಕಿತ್ತು. ಅಲ್ಲಿ ಅಪ್ಪನ ತಾಯಿ ಫಕೀರಮ್ಮಜ್ಜಿ ಇದ್ದಳು, ಅಪ್ಪನ ಹೆಗಲಿತ್ತು. ಆದರೆ ಹೋದರೆ ಅವ್ವನ ಬಾಡಿಗೆಗೆ ಕತ್ತರಿ. ಒಂಬತ್ತರ ನನ್ನ ಬುದ್ಧಿಗೆ ಒಂದು ಉಪಾಯ ಹೊಳೆಯಿತು. ಅಲ್ಲಿ ಉಂಡರೆ ತಾನೇ ಕಳೆಯುವುದು? ಉಣ್ಣದಿದ್ದರೆ?

"ಅಜ್ಜಿಗೆ ಕಡಕ್ ರೊಟ್ಟಿ ಅಂದ್ರ ಭಾಳ ಜೀವ" ಎಂದು ಅವ್ವನಿಗೆ ಸುಳ್ಳು ಹೇಳಿದೆ. ಬಿಟ್ಟುಬಂದ ಅತ್ತೆಯೆಂದು ಒಂದು ಗಳಿಗೆ ಮುಖ ಗಂಟಿಕ್ಕಿಕೊಂಡರೂ ಅವ್ವ ಜೋಳದ ರೊಟ್ಟಿ ಬಡಿದು, ಒಣಗಿಸಿ, ಶೇಂಗಾ ಚಟ್ನಿಪುಡಿಯ ಜೊತೆ ಬಿಳಿ ಬಟ್ಟೆಯಲ್ಲಿ ದೊಡ್ಡ ಗಂಟು ಕಟ್ಟಿಕೊಟ್ಟಳು. ಕಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲವೆಂಬುದು ನಮ್ಮ ಕಡೆ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಗಂಗಾವತಿಯಲ್ಲಿ ಆ ಗಂಟನ್ನು ಜಂತಿಯ ಕೆಳಗೆ ಚೀಲಗಳ ಸಂದಿಯಲ್ಲಿ ಅಡಗಿಸಿಟ್ಟೆ. ಮನೆತುಂಬ ಹೊಸ ಅಕ್ಕಿಯ ಅನ್ನದ ವಾಸನೆ. ನಾನು "ಹಸಿವಿಲ್ಲ" ಎಂದು ಎದ್ದುಹೋಗಿ, ಹಿತ್ತಲಲ್ಲಿ ಒಬ್ಬಳೇ ಕುಳಿತು ರೊಟ್ಟಿ ಮುರಿದು ತಿನ್ನುತ್ತಿದ್ದೆ.

ಅಜ್ಜಿಯ ಕಣ್ಣು ತಪ್ಪಿಸಲು ಯಾರಿಂದಾದೀತು? ಒಂದು ದಿನ ಹಿತ್ತಲಿಗೆ ಬಂದು ಎದುರಿಗೆ ನಿಂತೇಬಿಟ್ಟಳು. "ಯಾಕವ್ವಾ, ನನ್ನ ಕೈ ಅನ್ನ ಕಹಿ ಆತೇನು ನಿನಗ?" ಎಂದಳು. ನಾನು ನಿಜ ಹೇಳಿದೆ: "ಇಲ್ಲಬೇ. ನಾ ಇಲ್ಲಿ ಒಂದು ಅಗಳೂ ಉಂಡಿಲ್ಲ. ಅಪ್ಪಗ ಹೇಳು, ಅವ್ವನ ರೊಕ್ಕ ಕಡೀಬ್ಯಾಡ ಅಂತ." ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಕುಳಿತಳು. ಆಮೇಲೆ ಎದ್ದು, ಗಿರಣಿಯಿಂದ ಆಗತಾನೇ ಬಂದಿದ್ದ ಮಗನಿಗೆ ಉಗಿದದ್ದು ಓಣಿಗೆಲ್ಲ ಕೇಳಿಸಿತು.

ಅಪ್ಪ ಇದನ್ನು ಅವ್ವನೇ ಕಲಿಸಿದ್ದೆಂದು ತಿಳಿದ. ಮರುದಿನವೇ ನನ್ನನ್ನೂ ಗಂಟನ್ನೂ ಹಿಡಿದು ಕೊಪ್ಪಳದ ಬಸ್ಸು ಹತ್ತಿದ. ಅವ್ವನಿಗೆ ಫೋನು ಹೋಯಿತು. ಅವಳು ಕುಷ್ಟಗಿಯಿಂದ ಏದುಸಿರು ಬಿಡುತ್ತ ಬಂದಳು. ಅಪ್ಪ ಗಂಟನ್ನು ಓಬಳೆಪ್ಪನವರ ಮೇಜಿನ ಮೇಲೆ ಬಿಚ್ಚಿ, "ನೋಡ್ರಿ ಸಾಹೇಬ್ರ, ಮೇ ತಿಂಗಳ ರೊಕ್ಕ ಉಳೀಲಿ ಅಂತ ಅಪ್ಪನ ಮನಿ ಅನ್ನ ಮುಟ್ಟಬ್ಯಾಡಂತ ಕಲಿಸ್ಯಾಳ! ನಾ ಏನ್ ವಿಷ ಹಾಕ್ತೀನೇನು?" ಎಂದು ಕೂಗಿದ. ಅವ್ವ ರೊಟ್ಟಿಗಳನ್ನು ನೋಡಿದಳು, ನನ್ನನ್ನು ನೋಡಿದಳು. "ದೇವರಾಣಿಗೂ ನಾ ಹೇಳಿಲ್ರಿ. ನಿಮ್ಮ ಅವ್ವಗಂತ ಬಡದು ಕೊಟ್ಟೀನಿ," ಎಂದಳು. ಆಗ ಇದು ನನ್ನದೇ ಉಪಾಯವೆಂದು ಇಬ್ಬರಿಗೂ ಒಟ್ಟಿಗೇ ತಿಳಿಯಿತು.

ಓಬಳೆಪ್ಪನವರು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ನಾನು ಸತ್ತೇಹೋಗುತ್ತಿದ್ದೆ. ಒಪ್ಪಂದದ ಕಾಗದ ತೆಗೆದು, ಮೇ ತಿಂಗಳನ್ನು ಕಳೆಯುವ ಸಾಲಿನ ಮೇಲೆ ಪೆನ್ನಿನಿಂದ ಗೆರೆ ಎಳೆದರು. "ಯಮನೂರಪ್ಪ, ಇದು ನಿಂದೂ ತಪ್ಪಲ್ಲ, ಅಕಿದೂ ತಪ್ಪಲ್ಲ. ಬರದವ ನಾನು. ಅಪ್ಪನ ಮನ್ಯಾಗ ಉಂಡಿದ್ದನ್ನ ಕಳಿಯಾಕ ಕೂಸು ಏನ್ ಖಾನಾವಳಿಗೆ ಬಂದೈತೇನು?" ಎಂದರು. ಅಪ್ಪ ರುಜು ಹಾಕಿದ. ಅಂದಿನಿಂದ ಹನ್ನೆರಡೂ ತಿಂಗಳ ಹಣ ಬರತೊಡಗಿತು. ನನಗೆ ನೌಕರಿ ಸಿಗುವವರೆಗೂ, ಕಾನೂನಿನ ಅವಧಿ ಮುಗಿದ ಮೇಲೂ, ಒಮ್ಮೆಯೂ ತಪ್ಪಲಿಲ್ಲ.

ಆದರೆ ನನ್ನನ್ನು ಕರೆದೊಯ್ಯಲು ಅಪ್ಪ ಬರುವುದು ನಿಂತಿತು. ಮುಂದಿನ ಮೇ ತಿಂಗಳು ನಾನು ಅರಿವೆಯ ಚೀಲ ಹಿಡಿದು ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಕುಳಿತೆ. ಗಂಗಾವತಿಯಿಂದ ತಾವರಗೇರಿ ಹಾದಿ ಹಿಡಿದು ಬಂದ ಬಸ್ಸುಗಳಿಂದ ಇಳಿದವರೆಲ್ಲ ಬೇರೆಯವರ ಅಪ್ಪಂದಿರು. ಸಂಜೆ ಅವ್ವ ಬಂದು ಚೀಲ ಎತ್ತಿಕೊಂಡಳು. ಇದು ಓಬಳೆಪ್ಪನವರ ಕಿವಿಗೆ ಹೇಗೆ ಬಿತ್ತೋ, ಒಂದು ಭಾನುವಾರ ಕೈಯಲ್ಲಿ ಕೊಡೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಅದು ಅವರ ಕರ್ತವ್ಯವಾಗಿರಲಿಲ್ಲ. ನಿಯಮಗಳು ಅದಕ್ಕೆ ಒಪ್ಪುವುದೂ ಇಲ್ಲ. ಅವ್ವನನ್ನು ಕೇಳಿ ನನ್ನನ್ನು ಗಂಗಾವತಿಗೆ ಕರೆದೊಯ್ದರು. ನಾವು ಬರುವ ಸುದ್ದಿಯನ್ನು ಅಪ್ಪನಿಗೆ ಮೊದಲೇ ಮುಟ್ಟಿಸಿದ್ದರು.

ಅಜ್ಜಿ ಅನ್ನ ಬಡಿಸಿದಳು. ನಾನು ಹೊಟ್ಟೆ ಬಿರಿಯುವಂತೆ ಉಂಡೆ. ಅಪ್ಪ ನೋಡಲೆಂದೇ ಉಂಡೆ. ಆದರೆ ನೋಡಲು ಅಪ್ಪನಿರಲಿಲ್ಲ. ಗಿರಣಿಯಲ್ಲಿ ಕೆಲಸವಿದೆಯೆಂದು ಬೆಳಿಗ್ಗೆಯೇ ಹೋಗಿದ್ದನಂತೆ. ಓಬಳೆಪ್ಪನವರು ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತರು. ಬಿಸಿಲು ಇಳಿಯಿತು. ಒಮ್ಮೆ ಗಿರಣಿಯವರೆಗೂ ಹೋಗಿಬಂದರು, ಒಬ್ಬರೇ. ಕೊನೆಗೆ ಬಸ್ಸಿಗೆ ಹೊತ್ತಾಯಿತು. ಹಾದಿಯಲ್ಲಿ ಬೇರೆ ಯಾರಾದರೂ ಆಗಿದ್ದರೆ "ಪಾಪ, ಕೆಲಸ ಇತ್ತೇನೋ, ಮುಂದಿನ ಸಲ ಬರ್ತಾನ" ಎಂದು ಸಮಾಧಾನ ಹೇಳುತ್ತಿದ್ದರು. ಇವರು ಹೇಳಿದ್ದಿಷ್ಟೇ: "ಬರಲಿಲ್ಲವ್ವಾ. ಬರ್ತಾನಂತ ನಾನೂ ತಿಳಕೊಂಡಿದ್ದೆ. ಬರಲಿಲ್ಲ." ಆ ವಯಸ್ಸಿನಲ್ಲಿ ನನಗೆ ಸುಳ್ಳು ಹೇಳದಿದ್ದ ದೊಡ್ಡವರು ಅವರೊಬ್ಬರೇ. ಅಂದು ಬಸ್ಸಿನಲ್ಲಿ ನಾನು ಅತ್ತೆ, ಅವರು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು.

ಗಿರಣಿಯಲ್ಲಿ ಅಪ್ಪ ಏನೆಂದನೆಂಬುದನ್ನು ಅವರು ನನಗೆ ತಿಳಿಸಿದ್ದು ನಾನು ಅದೇ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ ಮೇಲೆ. "ಕೂಸು ನನ್ನ ಮನ್ಯಾಗ ಉಪಾಸ ಕುಂತಿದ್ದು ಕಣ್ಣಾಗ ಕಟ್ಟೇತ್ರಿ. ರೊಕ್ಕ ಕೊಡ್ತೀನಿ, ಮಾರಿ ಹೆಂಗ ತೋರಸ್ಲಿ?" ಎಂದು ಚೀಲಗಳ ಹಿಂದೆ ನಿಂತು ಅತ್ತನಂತೆ. ಅದನ್ನು ಕೇಳಿ ನನಗೆ ಬಂದದ್ದು ಕನಿಕರವಲ್ಲ, ಸಿಟ್ಟು. ಮುಖ ತೋರಿಸಲು ನಾಚಿದ ಅಪ್ಪನಿಗಿಂತ ನಾಚಿಕೆಗೆಟ್ಟು ಬಂದು ನಿಲ್ಲುವ ಅಪ್ಪ ನನಗೆ ಬೇಕಾಗಿದ್ದ.

ಆ ಪ್ರಕರಣದ ನಂತರ ಓಬಳೆಪ್ಪನವರು ಮಗು ಒಂದು ಮನೆಯಲ್ಲಿ ಕಳೆದ ದಿನಗಳನ್ನು ಇನ್ನೊಂದು ಮನೆಯ ಹಣದಿಂದ ಕಳೆಯುವ ಸಾಲನ್ನು ಎಂದೂ ಬರೆಯಲಿಲ್ಲ. ವಕೀಲರು ಹಟ ಹಿಡಿದಾಗ, ಅಷ್ಟು ಶಾಂತ ಮನುಷ್ಯ, ಮೇಜು ಗುದ್ದಿದ್ದನ್ನೂ ಕಂಡಿದ್ದೇನೆ. ಖರ್ಚಿನ ವಾದ ಮುಗಿಯದಿದ್ದರೆ ಅಪ್ಪ ಅವ್ವ ಇಬ್ಬರನ್ನೂ ಎಬ್ಬಿಸಿ ಕೊಪ್ಪಳದ ಪೇಟೆಗೆ ಕರೆದೊಯ್ಯುವ ಪದ್ಧತಿಯೊಂದನ್ನೂ ಹಾಕಿಕೊಂಡರು. ಮಗುವಿನ ಚಪ್ಪಲಿ, ಚೀಲ, ಎಣ್ಣೆ, ಸಾಬೂನಿನ ಬೆಲೆಯನ್ನು ಇಬ್ಬರೂ ಅಂಗಡಿಯಲ್ಲೇ ನಿಂತು ಕೇಳಬೇಕು. ಚಪ್ಪಲಿ ಅಂಗಡಿಯ ಬಾಬಾಸಾಬರಿಗಂತೂ ಇದೊಂದು ತಲೆನೋವು. "ಓಬಳೆಪ್ಪನವರ, ನಿಮ್ಮ ಕೋರ್ಟಿನ್ಯಾಗ ಇವರು ಒಬ್ಬರ ಮಾರಿ ಒಬ್ಬರು ನೋಡಾಂಗಿಲ್ಲ. ನನ್ನ ಅಂಗಡಿಗೆ ಬಂದ್ರ ಮಾತ್ರ ಇಬ್ಬರೂ ಒಂದಾಗಿ ನನ್ನ ಮ್ಯಾಲೆ ಬೀಳ್ತಾರಲ್ರಿ!" ಎಂದು ಅವರು ಗೋಳಾಡುತ್ತಾರೆ. ನಿಜ, ಚೌಕಾಸಿ ಮಾಡುವ ಆ ಗಳಿಗೆಯಲ್ಲಿ ಅವರು ಮತ್ತೆ ಒಂದು ಮಗುವಿನ ತಂದೆ ತಾಯಿ. ಆಮೇಲೆ ಒಬ್ಬರು ಗಂಗಾವತಿಯ ಬಸ್ಸು, ಒಬ್ಬರು ಯಲಬುರ್ಗಾದ ಬಸ್ಸು. ಓಬಳೆಪ್ಪನವರು ಎರಡೂ ಬಸ್ಸು ಹೊರಡುವ ತನಕ ನಿಂತಿದ್ದು, ತಮ್ಮ ಕೋಣೆಯ ಕಡೆ ನಡೆಯುತ್ತಾರೆ.

ನಿವೃತ್ತಿಯ ನಂತರ ಏನು ಮಾಡುವಿರೆಂದು ಮೊನ್ನೆ ಕೇಳಿದೆ. "ಅಳವಂಡಿಗೆ ಹೋಗೂದು. ತಮ್ಮನ ಮಕ್ಕಳು ಅದಾರ. ಒಂದೆರಡು ದಿನ ಛಲೋ ನೋಡ್ಕೊಂತಾರ," ಎಂದು ನಕ್ಕರು. ಆಮೇಲೆ ಆ ನಗು ಉಳಿಯಲಿಲ್ಲ. ಮೂರು ದಶಕ ಮಂದಿಯ ಮನೆಗಳನ್ನು ಹಂಚಿಕೊಟ್ಟ ಈ ಹಿರಿಯರ ಪಾಲಿಗೆ ಒಂದು ಮನೆಯೂ ಬರಲಿಲ್ಲವಲ್ಲ ಎನಿಸಿತು.

ಓಬಳೆಪ್ಪನವರಿಗೆ ಆಯುಷ್ಯ, ಆರೋಗ್ಯಗಳು ದಂಡಿಯಾಗಿ ಒದಗಲಿ; ಪಿಂಚಣಿಯ ನೆರಳಲ್ಲಿ ಸುಮ್ಮನೆ ಕೂಡುವ ಬದಲು ವಾರಕ್ಕೊಮ್ಮೆಯಾದರೂ ನಮ್ಮ ಕೇಂದ್ರಕ್ಕೆ ಬಂದು, ನಾವು ಬರೆಯುವ ಒಪ್ಪಂದಗಳಲ್ಲಿನ ತಪ್ಪು ಸಾಲುಗಳ ಮೇಲೆ ಗೆರೆ ಎಳೆಯಲಿ ಎಂದು ನಾಲ್ಕೂ ತಾಲೂಕುಗಳ ಪರವಾಗಿ ಹಾರೈಸುತ್ತೇನೆ. ಇನ್ನೊಂದು ಮಾತು ನಮ್ಮ ಅವ್ವನದು. ಕುಷ್ಟಗಿಯಲ್ಲಿ ಈಗ ನಮ್ಮದೇ ಎರಡು ಕೋಣೆಯ ಮನೆ ಇದೆ. "ಸಾಹೇಬ್ರಿಗೆ ಹೇಳು, ಬಂದು ನಮ್ಮ ಮನ್ಯಾಗ ಇರ್ರಿ ಅಂತ. ಎಷ್ಟು ದಿನ ಇರ್ತೀರಿ ಅಂತ ನಾವು ಕೇಳಾಂಗಿಲ್ಲ," ಎಂದಿದ್ದಾಳೆ. ಬರಲೇಬೇಕು, ಸರ್. ಈ ಮಾತನ್ನು ಗಂಗಾವತಿಯಿಂದ ಯಾರಾದರೂ ನನಗೆ ಹೇಳಿಯಾರೆಂದು ನಾನು ಇಷ್ಟು ವರ್ಷ ಕಾದೆ. ಯಾರೂ ಹೇಳಲಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.